ಬ್ಯಾಡಗಿ ಮೆಣಸಿನಕಾಯಿದಲ್ಲ ತಪ್ಪು, ಕುರ್ಚಿದು

ಬ್ಯಾಡಗಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವನು ನಾನು. ಸೀಸನ್‌ನಲ್ಲಿ ಬೆಳಗ್ಗೆ ಕೂತರೆ ಏಳುವುದು ಸಂಜೆಗೇ. ಒಂದು ದಿನ ಸಂಡಾಸಿನಲ್ಲಿ ಕೆಂಪು ರಕ್ತ ಕಂಡು ಎದೆ ಧಸಕ್ಕೆಂದಿತು. ನಾಚಿಕೆಗೆ 3 ವಾರ ಬಾಯಿ ಬಿಡಲಿಲ್ಲ. ‘ಒಂದೇ ದಿನದಲ್ಲಿ ಮೂಲವ್ಯಾಧಿ ಮಾಯ’ ಎಂದು ಗೋಡೆಗೆ ಬರೆಸಿದ್ದವನಿಗೆ ದುಡ್ಡು ಸುರಿದದ್ದೂ ಆಯಿತು.

ಕೊನೆಗೆ ಹೆಂಡತಿ, “ರಕ್ತ ಹೋಗಾಕತ್ತೈತಿ, ಸುಮ್ನ ಕುಂತೀರಲ್ರಿ!” ಎಂದು ಹಾವೇರಿಗೆ ಎಳೆದೊಯ್ದಳು. ಡಾಕ್ಟರು ಒಳಗೆ ಪರೀಕ್ಷಿಸಿಯೇ ಮಾತಾಡಿದರು. ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಬರುತ್ತದಂತೆ. ನನ್ನದು ಮೂಲವ್ಯಾಧಿಯೇ, ಅಂದರೆ ಗುದದ್ವಾರದ ರಕ್ತನಾಳ ಊದಿದ್ದು, ಎರಡನೇ ಹಂತ: ತಿಣುಕಿದಾಗ ಗಂಟು ಹೊರಬಂದು ತಾನೇ ಒಳಹೋಗುವುದು.

“ಖಾರ ಬಿಡ್ಲೇನ್ರಿ ಸರ್?” ಎಂದೆ. ಖಾರ ಉರಿ ಹೆಚ್ಚಿಸಬಹುದು, ಆದರೆ ಬೇರು ಮಲಬದ್ಧತೆ, ತಿಣುಕುವುದು, ಸಂಡಾಸಿನಲ್ಲಿ ಹೊತ್ತು ಕಳೆಯುವುದು ಎಂದರು. ಮೊಬೈಲ್ ಹಿಡಿದು ಅರ್ಧ ತಾಸು ಕೂರುತ್ತಿದ್ದೆ, ಅದನ್ನು ಮಾತ್ರ ಹೇಳಲಿಲ್ಲ.

ದಿನಕ್ಕೆ ಎರಡು ಸಲ ಟಬ್‌ನಲ್ಲಿ ಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂತೆ. ಮೊದಲ ದಿನವೇ ನೋವು ಇಳಿಯಿತು. ರಾತ್ರಿ ಇಸಬಗೋಲ್, ಮೇಲೆ ದೊಡ್ಡ ಲೋಟ ನೀರು. ನೀರು ಕಡಿಮೆಯಾದರೆ ಅದೇ ಮಲ ಗಟ್ಟಿಮಾಡುತ್ತದೆ. ಮೈದಾ ಪರೋಟಾ ಹೋಗಿ ಜೋಳದ ರೊಟ್ಟಿ, ಮೆಂತ್ಯಪಲ್ಯ, ಹೆಸರುಕಾಳು ಬಂದವು. ತಾಸಿಗೊಮ್ಮೆ ಎದ್ದು ಚೀಲಗಳ ನಡುವೆ ಅಡ್ಡಾಡುತ್ತೇನೆ.

6 ವಾರಕ್ಕೆ ರಕ್ತ ನಿಂತಿತು. ನಿಲ್ಲದಿದ್ದರೆ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವವರಿದ್ದರು. ಮಿರ್ಚಿ ಭಜಿ ಈಗಲೂ ತಿನ್ನುತ್ತೇನೆ, ಒಂದೇ.