ರೋಮದ ಪಂಜರ ಹೆಣೆಯುವ ಸಯಾನಾ ಪತಂಗ: ಹುಡುಕಿ ಗಮನಿಸುವುದು ಹೇಗೆ?

ಬಿಳಿ ರೆಕ್ಕೆಯ ಮೇಲೆ ಕೆಂಪು ಇಲ್ಲವೇ ಕಿತ್ತಳೆ ಅಡ್ಡಪಟ್ಟಿಗಳು, ಅವುಗಳ ನಡುವೆ ಒಂದೆರಡು ಕಪ್ಪು ಚುಕ್ಕೆಗಳು: ಇಂಥ ಪುಟ್ಟ ಪತಂಗ ರಾತ್ರಿ ದೀಪದ ಬಳಿ ಕುಳಿತಿದ್ದರೆ ಅದು ಸಯಾನಾ ಕುಲದ್ದಾಗಿರಬಹುದು. 1854ರಲ್ಲಿ ಫ್ರಾನ್ಸಿಸ್ ವಾಕರ್ ಹೆಸರಿಸಿದ ಈ ಕುಲದ ಪ್ರಭೇದಗಳು ಏಷ್ಯಾ, ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳಲ್ಲಿವೆ.

ಮೊದಲು ಪ್ರೌಢ ಪತಂಗವನ್ನು ಗುರುತಿಸಲು ಕಲಿಯಿರಿ. ಬೆಳದಿಂಗಳಿಲ್ಲದ, ಗಾಳಿ ಕಡಿಮೆಯಿರುವ ರಾತ್ರಿ ಬಿಳಿ ಬಟ್ಟೆಯೊಂದನ್ನು ಬಿಗಿಯಾಗಿ ಕಟ್ಟಿ, ಅದರ ಮುಂದೆ ದೀಪ ಹಚ್ಚಿಡಿ. ಬಂದು ಕುಳಿತ ಪತಂಗವನ್ನು ಮುಟ್ಟದೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ನೇರ ಮೇಲಿನಿಂದ ಚಿತ್ರ ತೆಗೆಯಿರಿ. ಪಟ್ಟಿಗಳ ಬಾಗು ಮತ್ತು ಚುಕ್ಕೆಗಳ ಸ್ಥಾನ ಸ್ಪಷ್ಟವಾಗಿರಲಿ. ಕೆಲವು ಪ್ರಭೇದಗಳಲ್ಲಿ ಗಂಡು ಹೆಣ್ಣುಗಳ ಗುರುತುಗಳೂ ಬೇರೆಯಾಗಿರುವುದರಿಂದ, ಒಂದೇ ಚಿತ್ರ ನೋಡಿ ಪ್ರಭೇದದ ಹೆಸರು ನಿರ್ಧರಿಸುವ ಆತುರ ಬೇಡ. ಕೆಲಸ ಮುಗಿದೊಡನೆ ದೀಪ ಆರಿಸಿ.

ಆದರೆ ಈ ಕುಲದ ನಿಜವಾದ ಸೊಬಗು ಕಾಣಬೇಕಾದರೆ ಹಗಲಿನಲ್ಲಿ ಮರದ ತೊಗಟೆ, ಬಂಡೆ ಮತ್ತು ಹಳೆಯ ಗೋಡೆಗಳನ್ನು ಹುಡುಕಬೇಕು. ಇದರ ಕಂಬಳಿಹುಳು ಎಲೆಗಳ ಬದಲು ಕಲ್ಲುಹೂವನ್ನು (ಲೈಕೆನ್) ತಿಂದು ಬೆಳೆಯುತ್ತದೆ; ಆದ್ದರಿಂದ ಕಲ್ಲುಹೂವು ದಟ್ಟವಾಗಿರುವ ಜಾಗವನ್ನೇ ಮೊದಲು ಆರಿಸಿಕೊಳ್ಳಿ. ಉದ್ದ ರೋಮಗಳಿರುವ ಹುಳುವನ್ನು ಬರಿಗೈಯಲ್ಲಿ ಎತ್ತಬೇಡಿ, ಅದು ಅಂಟಿಕೊಂಡಿರುವ ಕಲ್ಲುಹೂವನ್ನು ಕೆರೆಯಲೂಬೇಡಿ. ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ.

ಪೂರ್ಣ ಬೆಳೆದ ಹುಳು ತನ್ನ ಮೈಯ ರೋಮಗಳನ್ನೇ ಕಳಚಿ, ರೇಷ್ಮೆಯ ಎಳೆಯಿಂದ ಒಂದಕ್ಕೊಂದು ಜೋಡಿಸಿ, ತನ್ನ ಸುತ್ತ ಜಾಲಂಧ್ರದಂಥ ತೆರೆದ ಪಂಜರ ಕಟ್ಟುತ್ತದೆ. ಬಹುತೇಕ ಪತಂಗಗಳ ಗೂಡಿನೊಳಗೆ ಏನಿದೆಯೆಂಬುದು ಹೊರಗೆ ಕಾಣದು. ಇಲ್ಲಿ ಮಾತ್ರ ಪಂಜರದ ನಡುವೆ, ಗೋಡೆಗಳಿಗೆ ತಾಗದೆ, ರೇಷ್ಮೆಯ ಎಳೆಗಳಲ್ಲಿ ತೂಗುವ ಕೋಶ (ಹುಳು ಪತಂಗವಾಗಿ ಮಾರ್ಪಡುವ ಹಂತ) ಪೂರ್ತಿ ಕಾಣುತ್ತದೆ. ಹುಳು ರೋಮ ಜೋಡಿಸುತ್ತಿರುವುದು ಕಣ್ಣಿಗೆ ಬಿದ್ದರೆ ಬೇರೆ ಹುಡುಕಾಟ ಬಿಟ್ಟು ಅಲ್ಲೇ ಕುಳಿತು ನೋಡಿ, ಅಂಥ ಅವಕಾಶ ಮತ್ತೆ ಸುಲಭವಾಗಿ ಸಿಗದು.

ಪಂಜರವನ್ನು ಕಿತ್ತು ಮನೆಗೆ ತರಬೇಡಿ. ಪ್ರತಿದಿನ ಒಂದೇ ದೂರದಿಂದ, ಬದಿಯಿಂದಲೂ ಮುಂದಿನಿಂದಲೂ ಚಿತ್ರ ತೆಗೆದು, ದಿನಾಂಕ, ಸಮಯ, ಮಳೆ ಬಿಸಿಲು ಮತ್ತು ಕೋಶದ ಬಣ್ಣವನ್ನು ಬರೆದಿಡಿ. ಪತಂಗ ಹೊರಬಂದು ರೆಕ್ಕೆ ಒಣಗಿಸಿಕೊಳ್ಳುವುದನ್ನು ಕಂಡರೆ, ಅದರ ಚಿತ್ರವನ್ನೂ ಬರಿದಾದ ಪಂಜರದ ಚಿತ್ರವನ್ನೂ ಒಟ್ಟಿಗೆ ದಾಖಲಿಸಿ. ಯಾವ ಪಂಜರ ಯಾವ ಪ್ರಭೇದದ್ದು ಎಂದು ಹೇಳಲು ಆ ಜೋಡಿ ಚಿತ್ರಗಳಷ್ಟು ಗಟ್ಟಿ ಆಧಾರ ಬೇರೆ ಸಿಗುವುದು ಕಷ್ಟ.