ಊರಿನ ನೀರಿಗೆ ಲೆಕ್ಕ ಇಡುವುದು ಹೇಗೆ?

ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. ನಮ್ಮ ರಾಜ್ಯದಲ್ಲಿ ಅದು 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಬಂತು. ಅಂದಿನಿಂದ ಪಂಚಾಯಿತಿಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ, ಎಷ್ಟು ಮನೆಗೆ ನಲ್ಲಿ ಹಾಕಿದ್ದೀರಿ ಎಂಬುದು. ಆ ಲೆಕ್ಕವೂ ಬೇಕು. ಆದರೆ ಎಲ್ಲ ಮನೆಗೂ ನಲ್ಲಿ ಆದಮೇಲೆ ಅದು ನೂರಕ್ಕೆ ನೂರು ಎಂದು ನಿಂತುಬಿಡುತ್ತದೆ. ಕೊನೆ ಬೀದಿಗೆ ವಾರದಿಂದ ಹನಿ ನೀರು ಬಾರದಿದ್ದರೂ ಅದು ನೂರೇ. ಯೋಜನೆಯೇ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಬರಬೇಕು, ನೀರು ಚೆನ್ನಾಗಿರಬೇಕು, ತಪ್ಪದೆ ಬರಬೇಕು. ಇದು ಆಗುತ್ತಿದೆಯಾ ಎಂದು ತಿಳಿಸುವ ಲೆಕ್ಕವನ್ನು ಪಂಚಾಯಿತಿ ಸದಸ್ಯರು ಮತ್ತು ನೀರು ಸಮಿತಿಯವರು ತಾವೇ ಕಟ್ಟಿಕೊಳ್ಳಬಹುದು.

ಮೊದಲು ತೀರ್ಮಾನ, ಆಮೇಲೆ ಅಂಕಿ

ಈ ವರ್ಷ ನೀರಿನ ಬಗ್ಗೆ ಏನೇನು ತೀರ್ಮಾನ ಮಾಡಬೇಕಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಬೀದಿಗೆ ಎಷ್ಟು ಹೊತ್ತು ವಾಲ್ವ್ ತೆರೆಯಬೇಕು? ಹಳೆ ಪೈಪಿಗೆ ತೇಪೆ ಹಾಕುವುದೋ, ಹೊಸದು ಎಳೆಯುವುದೋ? ಬೇಸಿಗೆಗೆ ಟ್ಯಾಂಕರ್ ಬೇಕಾದೀತೇ? ಪ್ರತಿ ಪ್ರಶ್ನೆಯ ಮುಂದೆ ಅದಕ್ಕೆ ಉತ್ತರ ಕೊಡುವ ಒಂದು ಅಂಕಿ ಇರಲಿ. ಯಾವ ಪ್ರಶ್ನೆಗೂ ಸೇರದ ಅಂಕಿಯನ್ನು ಸುಮ್ನೆ ಕೂಡಿಡಬೇಡಿ. ನಾಲ್ಕೈದು ಅಂಕಿ ಸಾಕು. ಇಪ್ಪತ್ತು ಕಾಲಮ್ಮಿನ ರಿಜಿಸ್ಟರನ್ನು ಯಾರೂ ನಿಜವಾಗಿ ತುಂಬುವುದಿಲ್ಲ.

ಕೊನೆ ಮನೆಯಲ್ಲಿ ಅಳೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಟ್ಯಾಂಕಿನ ಪಕ್ಕದ ಮನೆಗೆ ತಲೆಗೆ 90 ಲೀಟರ್, ಕೊನೆ ಮನೆಗೆ 20 ಲೀಟರ್ ಬಂದರೆ ಸರಾಸರಿ 55 ಆಗುತ್ತದೆ. ಕಾಗದದಲ್ಲಿ ಗುರಿ ಮುಟ್ಟಿದಂತೆ ಕಂಡರೂ ಅರ್ಧ ಊರು ಕೊಡ ಹಿಡಿದು ಕಾಯುತ್ತಿರುತ್ತದೆ. ಹಾಗಾಗಿ ಸರಾಸರಿ ಬಿಡಿ. ಟ್ಯಾಂಕಿನ ಹತ್ತಿರದ್ದೊಂದು, ನಡುವಿನದೊಂದು, ಪೈಪಿನ ಕಟ್ಟಕಡೆಯದೊಂದು, ಎತ್ತರದ ಜಾಗದ್ದೊಂದು ಮನೆ ಆರಿಸಿಕೊಂಡು ಬೇರೆ ಬೇರೆಯಾಗಿ ಬರೆಯಿರಿ.

ಅಳೆಯಲು 15 ಲೀಟರಿನ ಬಕೆಟ್ ಮತ್ತು ಮೊಬೈಲಿನ ಗಡಿಯಾರ ಸಾಕು. ಬಕೆಟ್ 3 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 5 ಲೀಟರ್ ಬಂದ ಹಾಗಾಯಿತು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಬೇಕು, ಅಂದರೆ ನಲ್ಲಿ 55 ನಿಮಿಷ ಬರಬೇಕು. ಅರ್ಧ ಗಂಟೆಗೇ ವಾಲ್ವ್ ಮುಚ್ಚುತ್ತಿದ್ದರೆ ಕೊರತೆ ಎಷ್ಟೆಂದು ಆಗಲೇ ಗೊತ್ತಾಯಿತು, ಅಲ್ವಾ? ನೀರಿನ ರಭಸ ಮೊದಲಿಗೂ ಕೊನೆಗೂ ಬದಲಾಗುತ್ತದೆ. ಆದ್ದರಿಂದ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಒಮ್ಮೆ, ನಿಲ್ಲುವ ಮುಂಚೆ ಇನ್ನೊಮ್ಮೆ ಅಳೆಯಿರಿ.

ಇಬ್ಬರು ಬರೆದರೂ ಒಂದೇ ಬರಬೇಕು

'ನೀರು ಬಂದ ದಿನ' ಎಂದರೆ ಯಾವುದು? ಮೋಟರ್ ಓಡಿದ ದಿನವೋ, ಕೊನೆ ಮನೆಗೆ ನೀರು ಮುಟ್ಟಿದ ದಿನವೋ? ಇದನ್ನು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆಯಿರಿ. ರಿಪೇರಿ ಮುಗಿಯಿತು ಎನ್ನುವುದಕ್ಕೂ ಹಾಗೆಯೇ. ಮೆಕ್ಯಾನಿಕ್ ಬಂದುಹೋದದ್ದಲ್ಲ, ನಲ್ಲಿಯಲ್ಲಿ ನೀರು ಬಂದದ್ದು ಲೆಕ್ಕ. ತಿಂಗಳಿಗೊಮ್ಮೆ ಇಬ್ಬರು ಒಂದೇ ದಿನ, ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆಯಲಿ. ಅಂಕಿ ತುಂಬಾ ಬೇರೆಯಾದರೆ ಅಳೆಯುವ ರೀತಿಯನ್ನು ಸರಿಮಾಡಿಕೊಂಡು ಮುಂದೆ ಹೋಗಿ.

ಮುಂಚೆಯೇ ಎಚ್ಚರಿಸುವ ಅಂಕಿ

ನೀರು ಬಾರದ ದಿನಗಳನ್ನು ಕಾರಣದ ಜೊತೆ ಬರೆಯಬೇಕು: ಕರೆಂಟ್, ಮೋಟರ್, ಪೈಪ್, ಬತ್ತಿದ ಬೋರ್‌ವೆಲ್. ಆದರೆ ಇದು ಆಗಿಹೋದದ್ದನ್ನು ಹೇಳುತ್ತದೆ ಅಷ್ಟೆ. ಮುಂದೆ ಬರುವುದನ್ನು ತಿಳಿಯಲು ತಿಂಗಳಿಗೊಮ್ಮೆ ಬೋರ್‌ವೆಲ್ಲಿನ ನೀರಿನ ಮಟ್ಟ ನೋಡಿ. ನೋಡುವ ಮುಂಚೆ ಪ್ರತಿ ಸಲವೂ ಮೋಟರ್ ಒಂದೇ ಸಮನಾದ ಹೊತ್ತು ನಿಂತಿರಬೇಕು, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಜನವರಿಯಲ್ಲಿ ಮಟ್ಟ ಬೇಗ ಬೇಗ ಇಳಿಯುತ್ತಿದ್ದರೆ ಏಪ್ರಿಲ್‌ಗೆ ಬೇರೆ ದಾರಿ ಹುಡುಕಲು ಸಮಯ ಸಿಗುತ್ತದೆ. ಸಾವಿರ ಲೀಟರ್ ಎತ್ತಲು ಎಷ್ಟು ಯೂನಿಟ್ ಕರೆಂಟ್ ಹೋಯಿತು ಎಂಬುದನ್ನೂ ನೋಡಿ. ನೀರಿನ ಮೀಟರ್ ಇಲ್ಲದಿದ್ದರೆ ಟ್ಯಾಂಕ್ ಎಷ್ಟು ಸಲ ತುಂಬಿತು ಎಂಬುದರಿಂದ ಲೆಕ್ಕ ಹಾಕಬಹುದು. ಯೂನಿಟ್ ಏರುತ್ತಾ ಹೋದರೆ ಒಂದೋ ನೀರು ಕೆಳಗಿಳಿದಿದೆ, ಇಲ್ಲವೇ ಪಂಪ್ ಸವೆದಿದೆ.

ಗುಣಮಟ್ಟಕ್ಕೆ ಎರಡು ಬೇರೆ ಗಡುವು ಇರಲಿ. ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ದಿನದಿನಕ್ಕೂ ಬದಲಾಗುತ್ತದೆ, ಅದನ್ನು ಪರೀಕ್ಷಾ ಕಿಟ್‌ನಿಂದ ಕೊನೆ ಮನೆಯಲ್ಲೇ ಆಗಾಗ ನೋಡಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕೋಲಾರ, ತುಮಕೂರಿನಂಥ ಕಡೆ ಕಾಡುವ ಫ್ಲೋರೈಡ್‌ಗೆ ಮಳೆಗಾಲದ ಮುಂಚೆ, ಆಮೇಲೆ ಲ್ಯಾಬ್ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ ಮಾತ್ರ 1.5ರ ತನಕ ಒಪ್ಪುತ್ತಾರೆ.

ನೀರುಗಂಟಿಯನ್ನು ಹೆದರಿಸಬೇಡಿ

ಲೆಕ್ಕ ಬರೆಯುವವರು ಹೆಚ್ಚಾಗಿ ಊರಿಗೆ ನೀರು ಬಿಡುವ ನೀರುಗಂಟಿಗಳೇ. ಕೆಟ್ಟ ಅಂಕಿ ಬರೆದಾಗಲೆಲ್ಲ ಅವರನ್ನೇ ಬೈದರೆ ಮುಂದಿನ ತಿಂಗಳಿಂದ ಒಳ್ಳೆಯ ಅಂಕಿಗಳೇ ಬರುತ್ತವೆ, ನೀರು ಮಾತ್ರ ಬರುವುದಿಲ್ಲ. ಮೋಟರ್ ಓಡಿಸಿದ ಗಂಟೆ ನೋಡಿ ಹೊಗಳಿದರೆ ಮೋಟರ್ ಓಡುತ್ತಲೇ ಇರುತ್ತದೆ, ಟ್ಯಾಂಕ್ ಉಕ್ಕಿ ಹರಿಯುತ್ತದೆ. ಪಂಪ್ ಕೆಟ್ಟದ್ದು, ಹಣ ಬಾರದ್ದು ಅವರ ತಪ್ಪಲ್ಲ. ನಿಜ ಬರೆದವರ ಬೆನ್ನಿಗೆ ಪಂಚಾಯಿತಿ ನಿಲ್ಲಬೇಕು. ಕೊನೆ ಮನೆಯ ಅಳತೆಯನ್ನು ಆ ಬೀದಿಯ ಹೆಂಗಸರೇ ಬರೆದರೆ ಇನ್ನೂ ಒಳ್ಳೆಯದು. ನೀರು ಬಂತೋ ಇಲ್ಲವೋ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೆರೆ ಮೊದಲೇ ಎಳೆಯಿರಿ

ಅಂಕಿ ಎಲ್ಲಿ ಮುಟ್ಟಿದರೆ ಏನು ಮಾಡುತ್ತೇವೆ ಎಂದು ಸಭೆಯಲ್ಲಿ ಮುಂಚೆಯೇ ಒಪ್ಪಿಕೊಳ್ಳಿ. ಉದಾಹರಣೆಗೆ, ಕೊನೆ ಮನೆಗೆ ಎರಡು ವಾರ ಸತತವಾಗಿ ತಲೆಗೆ 40 ಲೀಟರಿಗಿಂತ ಕಡಿಮೆ ಬಂದರೆ ವಾಲ್ವ್ ಸಮಯ ಬದಲಿಸುವುದು. ಒಂದೇ ಜಾಗದ ಪೈಪ್ ಮೂರು ತಿಂಗಳಲ್ಲಿ ಮೂರು ಸಲ ಒಡೆದರೆ ಆ ತುಂಡನ್ನೇ ಬದಲಿಸುವುದು. ನಿಮ್ಮ ಊರಿನ ಗೆರೆ ಬೇರೆ ಇರಬಹುದು. ಬರೆದಿಟ್ಟ ಗೆರೆ ಇದ್ದರೆ, ಜೋರಾಗಿ ಮಾತಾಡುವವರ ಬೀದಿಗೇ ಮೊದಲು ಕೆಲಸ ಆಗುವುದು ತಪ್ಪುತ್ತದೆ.

ಆರು ತಿಂಗಳಿಗೊಮ್ಮೆ ರಿಜಿಸ್ಟರ್ ತೆರೆದು, ಪ್ರತಿ ಅಂಕಿಯಿಂದ ಯಾವ ಕೆಲಸ ಆಯಿತು ಎಂದು ಗ್ರಾಮಸಭೆಯಲ್ಲಿ ಓದಿ ಹೇಳಿ. ಯಾವ ಕೆಲಸಕ್ಕೂ ಬಾರದ ಕಾಲಮ್ ಕಂಡರೆ ಅಂದೇ ತೆಗೆದುಹಾಕಿ.