ಗಿಟ್‌ನ ಹಳೇ ಟೆಸ್ಟ್ ಫೈಲನ್ನು ಹೊಸ ಶೈಲಿಗೆ ತಂದಿದ್ದು

ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಟೂಲ್. ಅದರ ಸೋರ್ಸ್ ಕೋಡ್‌ನಲ್ಲಿ 'ಟಿ' ಅಂತ ಒಂದು ಫೋಲ್ಡರ್ ಇದೆ. ಟೆಸ್ಟ್‌ಗಳೆಲ್ಲ ಅಲ್ಲೇ ಇವೆ, ಹೆಚ್ಚಿನವು ಶೆಲ್ ಸ್ಕ್ರಿಪ್ಟ್‌ಗಳು, ಅಂದರೆ ಟರ್ಮಿನಲ್ ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್‌ಗಳು. ಕೆಲವಂತೂ ಗಿಟ್ ಹುಟ್ಟಿದ 2005ರಲ್ಲೇ ಬರೆದವು. ಓಪನ್ ಸೋರ್ಸ್ ಕೆಲಸಕ್ಕೆ ಹೊಸಬರನ್ನು ಸೇರಿಸುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಗಿಟ್‌ಗೆ ಅರ್ಜಿ ಹಾಕುವವರು ಮೊದಲು ಒಂದು ಮೈಕ್ರೋಪ್ರಾಜೆಕ್ಟ್, ಅಂದರೆ ಪುಟ್ಟ ಕೆಲಸ, ಮಾಡಿ ತೋರಿಸಬೇಕು. ಹಳೇ ಟೆಸ್ಟ್‌ಗಳನ್ನು ಹೊಸ ಶೈಲಿಗೆ ತರುವುದೂ ಅದರಲ್ಲಿ ಒಂದು, ನಾನು ಹಿಡಿದಿದ್ದು ಅದನ್ನೇ.

ಫೈಲ್ ಆರಿಸುವಾಗಲೇ ಸ್ವಲ್ಪ ಯೋಚನೆ ಬೇಕು. ಸುಮ್ನೆ ಶೈಲಿಗೋಸ್ಕರ ಕೋಡ್ ಕಲಕಬೇಡಿ ಅಂತ ಗಿಟ್‌ನ ಕೋಡಿಂಗ್ ಗೈಡ್‌ಲೈನ್ಸ್‌ನಲ್ಲೇ ಇದೆ. ಬೇರೆಯವರು ಅದೇ ಫೈಲ್ ಮೇಲೆ ಕೆಲಸ ಮಾಡುತ್ತಿದ್ದರೆ ಇಬ್ಬರ ಬದಲಾವಣೆ ಡಿಕ್ಕಿ ಹೊಡೆದು ಅವರಿಗೆ ಕಾನ್ಫ್ಲಿಕ್ಟ್ ತಲೆನೋವು, ಅಲ್ವಾ? ಅದಕ್ಕೇ ಇನ್ನೂ ಪರಿಶೀಲನೆಯಲ್ಲಿರುವ ಬದಲಾವಣೆಗಳೂ ಸೇರಿರುವ 'ಸೀನ್' ಬ್ರ್ಯಾಂಚ್‌ನ ಲಾಗ್ ನೋಡಿ, ಆಗ ಯಾರೂ ಮುಟ್ಟದೇ ಇದ್ದ ಫೈಲ್ ತೆಗೆದುಕೊಂಡೆ.

ಒಂದು ಪ್ಯಾಚ್‌ನಲ್ಲಿ (ರಿವ್ಯೂಗೆ ಕಳಿಸುವ ಬದಲಾವಣೆಗಳ ಕಟ್ಟು) ಒಂದೇ ಬಗೆಯ ಬದಲಾವಣೆ, ಇದು ನಾನು ಹಾಕಿಕೊಂಡ ನಿಯಮ. ಟೆಸ್ಟ್‌ನ ಹೆಸರನ್ನು ಮೊದಲ ಸಾಲಿಗೆ ತಂದು ಬ್ಯಾಕ್‌ಸ್ಲ್ಯಾಷ್ ತೆಗೆಯುವುದು ಒಂದು ಪ್ಯಾಚ್. ಸ್ಪೇಸ್ ಹೋಗಿ ಟ್ಯಾಬ್ ಬರುವುದು, ಔಟ್‌ಪುಟ್ಟನ್ನು ಫೈಲ್‌ಗೆ ಕಳಿಸುವ '>' ಆದಮೇಲಿನ ಸ್ಪೇಸ್ ತೆಗೆಯುವುದು ಇನ್ನೊಂದು. ಈ ಎರಡನೆಯದನ್ನು, ಬದಲಾವಣೆ ತೋರಿಸುವ ಡಿಫ್ ಕಮಾಂಡ್‌ಗೆ ಸ್ಪೇಸ್-ಟ್ಯಾಬ್‌ಗಳನ್ನು ಲೆಕ್ಕಿಸಬೇಡ ಅನ್ನುವ 'ಡ್ಯಾಶ್ ಡಬ್ಲ್ಯೂ' ಕೊಟ್ಟು ನೋಡಿದರೆ ಏನೂ ಕಾಣಬಾರದು. ಕಂಡರೆ ಬೇರೇನೋ ನುಸುಳಿದೆ ಅಂತ ಲೆಕ್ಕ. ನೂರಾರು ಸಾಲು ಬದಲಾದ ಪ್ಯಾಚನ್ನು ರಿವ್ಯೂ ಮಾಡುವವರು ಹೀಗೆ ಒಂದು ಕಮಾಂಡ್‌ನಲ್ಲಿ ಮುಗಿಸಬಹುದು.

ಇಷ್ಟೂ ಮೇಲ್ಮೈ ಕೆಲಸ. ನನಗೆ ನಿಜವಾಗಿ ರುಚಿಸಿದ್ದು ಪೈಪ್‌ಗಳು. ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವುದೇ ಪೈಪ್. ಹಳೇ ಟೆಸ್ಟ್‌ಗಳಲ್ಲಿ ಗಿಟ್ ಕಮಾಂಡ್‌ನ ಔಟ್‌ಪುಟ್ಟನ್ನು ನೇರ ಗ್ರೆಪ್‌ಗೆ, ಅಂದರೆ ಸಾಲು ಹುಡುಕುವ ಕಮಾಂಡ್‌ಗೆ, ಪೈಪ್ ಮಾಡಿರುತ್ತಾರೆ. ಶೆಲ್ ನೋಡುವುದು ಪೈಪ್‌ನ ಕೊನೆಯ ಕಮಾಂಡ್‌ನ ಎಕ್ಸಿಟ್ ಕೋಡ್ (ಗೆದ್ದಿತೋ ಸೋತಿತೋ ಹೇಳುವ ನಂಬರ್) ಮಾತ್ರ. ಗಿಟ್ ಬೇಕಾದ ಸಾಲು ಪ್ರಿಂಟ್ ಮಾಡಿ ಆಮೇಲೆ ಕ್ರ್ಯಾಶ್ ಆದರೂ ಗ್ರೆಪ್‌ಗೆ ಸಾಲು ಸಿಕ್ಕಿತು, ಟೆಸ್ಟ್ ಪಾಸ್! ಅದಕ್ಕೆ ಔಟ್‌ಪುಟ್ಟನ್ನು ಮೊದಲು 'ಆಕ್ಚುವಲ್' ಅನ್ನೋ ಫೈಲ್‌ಗೆ ಬರೆದು, && (ಹಿಂದಿನದು ಗೆದ್ದರೆ ಮಾತ್ರ ಮುಂದಿನದು ಓಡಲಿ ಅನ್ನುವ ಗುರುತು) ಹಾಕಿ, ಆಮೇಲೆ ಆ ಫೈಲನ್ನು ಗ್ರೆಪ್ ಮಾಡಬೇಕು. ಕಮಾಂಡ್ ಫೇಲ್ ಆಗಲೇಬೇಕಾದ ಕಡೆ, ಫಲಿತಾಂಶವನ್ನು ತಿರುಗಿಸುವ '!' ಹಾಕಿ ಗಿಟ್ ಕಮಾಂಡ್ ಕರೆಯುವುದೂ ಇದೇ ಜಾತಿ. ಸರಿಯಾಗಿ ಎರರ್ ಕೊಟ್ಟು ನಿಂತಿತೋ, ಸೆಗ್‌ಫಾಲ್ಟ್ (ಮೆಮೊರಿ ತಪ್ಪಿನ ಕ್ರ್ಯಾಶ್) ಆಗಿ ಸತ್ತಿತೋ, '!'ಗೆ ಎರಡೂ ಒಂದೇ. ಅದರ ಬದಲು ಬಳಸುವ 'ಟೆಸ್ಟ್_ಮಸ್ಟ್_ಫೇಲ್' ಹೀಗೆ ಸಿಗ್ನಲ್‌ನಿಂದ ಸತ್ತರೆ ಒಪ್ಪುವುದಿಲ್ಲ.

ಬಿಟ್ಟುಹೋದ &&ಗಳನ್ನು ಹಿಡಿಯಲು ಮಾತ್ರ ಟೂಲ್ ಇದೆ, ಅದರ ಉಪಾಯ ನನಗೆ ಭಾರಿ ಇಷ್ಟ. ಟೆಸ್ಟ್‌ನ ಕೋಡ್‌ಗೆ ಮುಂದೆ, 117 ಎಕ್ಸಿಟ್ ಕೋಡ್ ಕೊಡುವ ಒಂದು ಸಬ್‌ಶೆಲ್ಲನ್ನು (ಒಳಗೊಂದು ಪುಟ್ಟ ಶೆಲ್) && ಹಾಕಿ ಅಂಟಿಸುತ್ತದೆ. ಸರಪಳಿ ಎಲ್ಲೂ ಕಡಿದಿಲ್ಲ ಅಂದರೆ ಉಳಿದ ಯಾವುದೂ ಓಡದೆ 117 ಹಾಗೇ ಹೊರಬರುತ್ತದೆ. ಬೇರೆ ನಂಬರ್ ಬಂದರೆ ನಡುವೆ ಎಲ್ಲೋ && ಇಲ್ಲ. ಆದರೆ ಪೈಪ್ ಮರೆಮಾಡಿದ್ದು ಇದಕ್ಕೆ ಗೊತ್ತಾಗಲ್ಲ, ಅದನ್ನು ಕಣ್ಣಲ್ಲೇ ಹುಡುಕಬೇಕು.

ರಿವ್ಯೂನಲ್ಲಿ ಜಾಸ್ತಿ ಚರ್ಚೆಯಾಗಿದ್ದು, ಫೈಲ್ ಇದೆಯಾ ಅಂತ ನೋಡುವ 'ಟೆಸ್ಟ್ ಡ್ಯಾಶ್ ಎಫ್' ಬಗ್ಗೆ. ಇದು ಫೇಲ್ ಆದರೆ ಬಾಯಿ ಬಿಡುವುದಿಲ್ಲ. 'ಟೆಸ್ಟ್_ಪಾತ್_ಈಸ್_ಫೈಲ್' ಆದರೆ ಯಾವ ಫೈಲ್ ಇಲ್ಲ ಅಂತ ಹೇಳುತ್ತದೆ. ಎಲ್ಲ ಕಡೆ ಬದಲಾಯಿಸಿಬಿಡೋಣ ಅಂತ ನನ್ನ ವಾದ. ರಿವ್ಯೂ ಮಾಡಿದವರು ಕೇಳಿದ್ದು ಒಂದೇ ಪ್ರಶ್ನೆ: 'ಇಫ್' ಷರತ್ತಿನ ಒಳಗೆ ಇರುವ 'ಟೆಸ್ಟ್ ಡ್ಯಾಶ್ ಎಫ್' ಪರೀಕ್ಷೆಯೋ, ಬರೀ ದಾರಿ ಆರಿಸುವುದೋ? ಅಲ್ಲಿ ಫೈಲ್ ಇಲ್ಲದಿರುವುದು ತಪ್ಪೇ ಅಲ್ಲ, ಹಾಗಿದ್ದಾಗ ದೂರು ಹೇಳುವ ಫಂಕ್ಷನ್ ಯಾಕೆ? ಸರಿ ಅನ್ನಿಸಿತು. ಅವುಗಳನ್ನು ಹಾಗೇ ಬಿಟ್ಟೆ. ಫೈಲ್ ಇರಬಾರದು ಅಂತ ನೋಡುವ ಕಡೆ 'ಟೆಸ್ಟ್_ಪಾತ್_ಈಸ್_ಮಿಸ್ಸಿಂಗ್' ಹಾಕಿದೆ, ಯಾಕೆಂದರೆ '!' ಜೊತೆ 'ಟೆಸ್ಟ್_ಪಾತ್_ಈಸ್_ಫೈಲ್' ಅನ್ನೇ ತಿರುಗಿಸಿದರೆ ಎಲ್ಲ ಸರಿ ಇದ್ದಾಗಲೂ ಫೈಲ್ ಇಲ್ಲ ಅಂತ ಕೂಗುತ್ತದೆ. ಎರಡನೇ ಸುತ್ತು ಕಳಿಸುವಾಗ, ಎರಡು ಸುತ್ತಿನ ಪ್ಯಾಚ್‌ಗಳ ನಡುವಿನ ವ್ಯತ್ಯಾಸ ತೋರಿಸುವ ರೇಂಜ್-ಡಿಫ್ ಸೇರಿಸಿದೆ, ಮೊದಲ ಪ್ಯಾಚ್‌ಗಳನ್ನು ಯಾರೂ ಮತ್ತೆ ಓದಬೇಕಾಗಲಿಲ್ಲ.